ಹಳೆ ಕ್ಲಾರಿಯೊನೆಟ್‌ಗೆ ಹುಣಸೆಹಣ್ಣು ಹಚ್ಚಬೇಡಿ

ಸಂಪಾದಕರಿಗೆ,

ಮಾನ್ಯರೇ,

ಆಯುಧಪೂಜೆ ಹತ್ತಿರವಾದಂತೆ ಬ್ಯಾಂಡ್‌ಸೆಟ್ಟಿನವರು ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸುತ್ತಾರೆ. ಟ್ರಂಪೆಟ್ಟು, ಯೂಫೋನಿಯಂ ಬೆಳಗಿದ ಹುಣಸೆಹಣ್ಣಿನಲ್ಲೇ ಕ್ಲಾರಿಯೊನೆಟ್ಟಿನ ಕೀಗಳನ್ನೂ (ರಂಧ್ರ ಮುಚ್ಚಿ ತೆರೆಯುವ ಲೋಹದ ಸನ್ನೆಗಳು) ಉಜ್ಜಿ, ಬೂದಿ ಹಾಕಿ ತಿಕ್ಕಿ, ತೊಳೆದು ಒಣಗಿಸಿ, ಮೇಲೆ ಅರಿಸಿನ ಕುಂಕುಮ ಇಡುವುದು ವಾಡಿಕೆ. ಕೀ ಫಳಫಳ ಹೊಳೆಯುತ್ತದೆ. ಮುಂದೆ ಮದುವೆ ಸೀಸನ್ನಿಗೆ ಊದಲು ನಿಂತರೆ ಕೆಳಗಿನ ಸ್ವರಗಳೇ ಹೊರಡುವುದಿಲ್ಲ. ಒಂದೆರಡು ಸ್ಪ್ರಿಂಗ್ ಮುರಿದಿರುತ್ತವೆ. ಕಿರುಬೆರಳಿನ ಕೀ ಒತ್ತಿದರೆ ಒತ್ತಿದಲ್ಲೇ ಕೂತಿರುತ್ತದೆ. ಆಗ ಪ್ಲೇಟಿಂಗ್ ಅಂಗಡಿಗೆ ಒಯ್ದು ಹೊಸದಾಗಿ ನಿಕ್ಕಲ್ ಹಾಕಿಸುತ್ತಾರೆ. ಅಲ್ಲಿಂದ ಬಂದ ವಾದ್ಯ ಕನ್ನಡಿಯ ಹಾಗಿರುತ್ತದೆ, ಊದಲು ಮಾತ್ರ ಮೊದಲಿಗಿಂತ ಕಷ್ಟ. ಸವೆದ ಕೀಯ ರೋಗ ಇರುವುದು ಅದು ತಿರುಗುವ ಕೀಲಿನಲ್ಲಿ. ಅಲ್ಲಿನ ಅಲುಗಾಟ ನಿಲ್ಲಿಸದೆ ಮಾಡುವ ಹೊಳಪೆಲ್ಲ ವ್ಯರ್ಥ ಖರ್ಚು. ಈ ಕೆಲಸದ ಕ್ರಮವನ್ನು ವಾದ್ಯ ಇಟ್ಟುಕೊಂಡವರಿಗೆ ತಿಳಿಸುವುದು ಈ ಪತ್ರದ ಉದ್ದೇಶ. ಉದ್ದವಾಗಿದೆ, ಕ್ಷಮಿಸಿ, ಮೊಟಕು ಮಾಡಿದರೆ ಯಾರೋ ಒಬ್ಬರ ಕೀ ಮುರಿಯುತ್ತದೆ.

ನಮ್ಮ ಕಡೆ ಬ್ಯಾಂಡ್‌ಗಳಲ್ಲೂ ಕಛೇರಿ ನುಡಿಸುವವರಲ್ಲೂ ಸಿಗುವ ಹಳೆ ಕ್ಲಾರಿಯೊನೆಟ್‌ಗಳಲ್ಲಿ ಬಹಳಷ್ಟು 13 ಕೀಯ ಹಳೆ ಪದ್ಧತಿಯವು. ಇವಾನ್ ಮ್ಯೂಲರ್ 1812ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ತೋರಿಸಿದ 13 ಕೀಯ ವಿನ್ಯಾಸವನ್ನು ಬ್ರಸೆಲ್ಸ್‌ನ ಯುಜೀನ್ ಆಲ್ಬರ್ಟ್ ತಿದ್ದಿದ್ದರಿಂದ ಇದಕ್ಕೆ ಆಲ್ಬರ್ಟ್ ಸಿಸ್ಟಂ ಎಂಬ ಹೆಸರು ಅಂಟಿಕೊಂಡಿತು. ಕ್ಲೋಸೆ ಮತ್ತು ಬುಫೆ 1844ರಲ್ಲಿ ಪೇಟೆಂಟ್ ಪಡೆದ ಬೋಮ್ ಪದ್ಧತಿಯಲ್ಲಿ 17 ಕೀ, ಬೆರಳಿಡುವ ರಂಧ್ರಗಳ ಸುತ್ತ 6 ಲೋಹದ ಉಂಗುರ. ಹಳೆಯದರಲ್ಲಿ ಉಂಗುರ ಕಡಿಮೆ, ಬೆರಳು ನೇರವಾಗಿ ಮರದ ರಂಧ್ರದ ಮೇಲೆ ಕೂರುತ್ತದೆ. ಬೆರಳನ್ನು ಅರೆಯಾಗಿ ಸರಿಸಿ ಗಮಕ ತೆಗೆಯಲು ಅನುಕೂಲ. ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತದಲ್ಲಿ, ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಹಿಂದೂಸ್ತಾನಿಯಲ್ಲಿ ಈ ವಿದೇಶಿ ವಾದ್ಯಕ್ಕೆ ನಮ್ಮ ರಾಗ ಒಗ್ಗಿಸಿ ತೋರಿಸಿದವರು. ಬ್ಯಾಂಡ್‌ಗಳ ಕೈಯಲ್ಲಿರುವುದರಲ್ಲಿ ಇಂಗ್ಲೆಂಡಿನ ಬೂಸಿ, ಹಾಕ್ಸ್ ಕಂಪನಿಗಳ ಮುದ್ರೆ ಆಗಾಗ ಕಾಣುತ್ತದೆ. ಅವೆರಡೂ 1930ರಲ್ಲಿ ಒಂದಾದವು. ಮುದ್ರೆಯಲ್ಲಿ ಒಂದೇ ಹೆಸರಿದ್ದರೆ ಸಾಮಾನ್ಯವಾಗಿ ವಾದ್ಯ ಅದಕ್ಕೂ ಹಿಂದಿನದು.

ಖರ್ಚು ಮಾಡುವ ಮುನ್ನ ಆ ಮುದ್ರೆಯ ಹತ್ತಿರ ‘ಎಚ್.ಪಿ.’ ಎಂಬ ಅಕ್ಷರಗಳಿವೆಯೇ ನೋಡಿ. ಇದ್ದರೆ ಅದು ಹೈ ಪಿಚ್ ವಾದ್ಯ. ಬ್ರಿಟಿಷ್ ಸೇನೆಯ ಬ್ಯಾಂಡ್‌ಗಳು 1920ರ ದಶಕದ ಕೊನೆಯವರೆಗೆ ಆ ಎತ್ತರದ ಶ್ರುತಿಯಲ್ಲೇ ನುಡಿಸುತ್ತಿದ್ದವು. ಅಲ್ಲಿ ‘ಎ’ ಸ್ವರ ಸುಮಾರು 452 ಹರ್ಟ್ಸ್, ಇಂದಿನದು 440. ವ್ಯತ್ಯಾಸ ಹೆಚ್ಚುಕಡಿಮೆ ಅರ್ಧ ಸ್ವರಸ್ಥಾನ. ವಾದ್ಯವೇ ಒಂದೂವರೆ ಸೆಂ.ಮೀ. ಆಸುಪಾಸು ಗಿಡ್ಡ ಇರುತ್ತದೆ. ಬ್ಯಾರಲ್ (ಊದುವ ತುದಿಯ ಕೆಳಗಿನ ಗಿಡ್ಡ ತುಂಡು) ಎಳೆದು ಇಷ್ಟು ಇಳಿಸಲಾಗದು, ಎಳೆದರೆ ಮೇಲಿನ ಸ್ವರ ಒಂದು ಕಡೆ, ಕೆಳಗಿನದು ಒಂದು ಕಡೆ. ಒಬ್ಬರೇ ಶ್ರುತಿಪೆಟ್ಟಿಗೆ ಹೊಂದಿಸಿಕೊಂಡು ನುಡಿಸುವುದಾದರೆ ಅಡ್ಡಿಯಿಲ್ಲ. ಕೀಬೋರ್ಡಿನ ಜೊತೆ ನುಡಿಸಬೇಕಿದ್ದರೆ ಕೀಗೆ ಎಷ್ಟು ಸುರಿದರೂ ಪ್ರಯೋಜನವಿಲ್ಲ.

ಇನ್ನು ಲೋಹದ ವಿಚಾರ. ಒಳ್ಳೆಯ ಹಳೆ ವಾದ್ಯಗಳ ಕೀ ಜರ್ಮನ್ ಸಿಲ್ವರ್‌ನದು. ಹೆಸರಿನಲ್ಲಷ್ಟೇ ಬೆಳ್ಳಿ: ತಾಮ್ರ ಸುಮಾರು 60ರಿಂದ 65 ಪಾಲು, ನಿಕ್ಕಲ್ 12ರಿಂದ 18, ಉಳಿದದ್ದು ಸತು. ಇನ್ನೂ ಹಳೆಯವು ಹಿತ್ತಾಳೆ. ಮೇಲೆ ಲೇಪ ಇದ್ದರೆ ಅದು ನಿಕ್ಕಲ್ಲೋ ಬೆಳ್ಳಿಯೋ ಎಂದು ಬಣ್ಣವೇ ಹೇಳುತ್ತದೆ. ಬೆಳ್ಳಿ ಕಂದಾಗಿ ಕಪ್ಪಾಗುತ್ತದೆ, ನಿಕ್ಕಲ್ ಹಾಲು ಹರಡಿದಂತೆ ಮಂಕಾಗುತ್ತದೆ, ಲೇಪವಿಲ್ಲದ ಜರ್ಮನ್ ಸಿಲ್ವರ್ ಹಳದಿ-ಹಸಿರಿಗೆ ತಿರುಗುತ್ತದೆ. ಅಗ್ಗದ ವಾದ್ಯಗಳಲ್ಲಿ ಸತುವಿನ ಎರಕದ ಕೀ ಇರುತ್ತದೆ. ಮುರಿದ ಜಾಗ ಬೂದು ಬಣ್ಣದ ಸಕ್ಕರೆಯಂತೆ ಹರಳು ಹರಳಾಗಿ ಕಂಡರೆ ಅದೇ. ಅದನ್ನು ಬಗ್ಗಿಸಲೂ ಆಗದು, ಬೆಳ್ಳಿ ಬೆಸುಗೆ ಹಾಕಲೂ ಆಗದು. ಬೆಸುಗೆ ಕರಗುವುದು 620 ಡಿಗ್ರಿಯ ಮೇಲೆ, ಸತುವಿನ ಎರಕ 400ರ ಆಸುಪಾಸಿನಲ್ಲೇ ಕೈಯಲ್ಲಿ ನೀರಾಗುತ್ತದೆ.

ಸವೆತ ಎಷ್ಟಿದ್ದರೆ ಹೆಚ್ಚು? ಕೀಯ ಕೊಳವೆಯೊಳಗೆ ಉಕ್ಕಿನ ಕಡ್ಡಿ ಕೂತಿರುತ್ತದೆ, ಕಡ್ಡಿಯ ಎರಡು ತುದಿ ಮರಕ್ಕೆ ತಿರುಗಿಸಿದ ಕಂಬಗಳಲ್ಲಿ. 20 ಮಿ.ಮೀ. ಉದ್ದದ ಕೊಳವೆಯಲ್ಲಿ ಕಡ್ಡಿ 0.1 ಮಿ.ಮೀ. ಸಡಿಲವಿದೆ ಎನ್ನಿ. ಅಲ್ಲಿಂದ 30 ಮಿ.ಮೀ. ದೂರದ ಪ್ಯಾಡ್, ಅಂದರೆ ರಂಧ್ರ ಮುಚ್ಚುವ ಮೆತ್ತೆ, ಪಕ್ಕಕ್ಕೆ 0.15 ಮಿ.ಮೀ. ಸರಿಯುತ್ತದೆ, 10 ಮಿ.ಮೀ. ಅಗಲದ ಪ್ಯಾಡ್ ಒಂದು ಅಂಚಿನಲ್ಲಿ 0.05 ಮಿ.ಮೀ. ಎದ್ದು ನಿಲ್ಲುತ್ತದೆ. ಸಿಗರೇಟು ಸುತ್ತುವ ಕಾಗದದ ದಪ್ಪ ಇದರ ಅರ್ಧ. ಅಂದರೆ ಎರಡು ಕಾಗದ ತೂರುವಷ್ಟು ಸಂದು, ಅದೂ ಒತ್ತಿದಾಗಲೆಲ್ಲ ಬೇರೆ ಬೇರೆ ಕಡೆ. ಹೊಸ ಪ್ಯಾಡ್ ಹಾಕಿಸಿ ವಾರದಲ್ಲಿ ಮತ್ತೆ ಸೋರುತ್ತದೆ ಎಂಬ ದೂರಿಗೆ ಕಾರಣ ಬಹುತೇಕ ಇದೇ. ಪ್ಯಾಡ್ ಹಾಕಿದವನ ತಪ್ಪಲ್ಲ. ಕೀಯನ್ನು ಕೊಳವೆಯ ಹತ್ತಿರ ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲ್ಲಾಡಿಸಿ ನೋಡಿ. ಕಂಬದಿಂದ ಕಂಬಕ್ಕೆ 0.05 ಮಿ.ಮೀ. ಅಲುಗಾಟ ಪರವಾಗಿಲ್ಲ. ಟಕ್ ಟಕ್ ಎಂದು ಕಿವಿಗೆ ಕೇಳಿಸಿದರೆ ಕೆಲಸ ಇದೆ.

ಬಿಚ್ಚುವಾಗ ಒಂದು ತುಂಡು ಥರ್ಮೋಕೋಲ್ ಎದುರಿಗಿಟ್ಟುಕೊಂಡು, ವಾದ್ಯದ ನಕ್ಷೆ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚುತ್ತ ಹೋಗಿ. ಕೈಯಲ್ಲಿ ಮಾಡಿದ ಕಾಲದ ವಾದ್ಯ. ಒಂದರ ಕಡ್ಡಿ ಇನ್ನೊಂದಕ್ಕೆ ಹೊಂದಿದಂತೆ ಕಂಡರೂ ಹೊಂದುವುದಿಲ್ಲ. ಸ್ಕ್ರೂಡ್ರೈವರಿನ ತುದಿ ಸ್ಕ್ರೂ ತಲೆಯ ಗಾಡಿಯ (ಸೀಳಿನ) ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರಬೇಕು. ಜಾರಿದರೆ ಗಾಡಿ ಹರಿಯುತ್ತದೆ, ಮರಕ್ಕೂ ಗೀರು. ತುಕ್ಕು ಹಿಡಿದು ಕದಲದ ಕಡ್ಡಿಗೆ ಎರಡೂ ತುದಿಗೆ ತೆಳು ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ. ಆಮೇಲೆ ಬೆಸುಗೆಯ ಐರನ್ನಿನ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಮುಟ್ಟಿಸಿ ತಿರುಗಿಸಿ. ವಾದ್ಯದ ಮೈಗೆ ಜ್ವಾಲೆ ತೋರಿಸಲೇಬಾರದು. ಕಪ್ಪು ಮರವಾದರೆ ಸೀಳುತ್ತದೆ. ಎಬೊನೈಟ್ (ಗಟ್ಟಿ ರಬ್ಬರ್) ಆದರೆ ಮೆತ್ತಗಾಗಿ ಬಾಗುತ್ತದೆ, ಗಂಧಕದ ವಾಸನೆ ಬರುತ್ತದೆ. ಎಬೊನೈಟನ್ನು ಬಿಸಿನೀರಿನಲ್ಲಿ ತೊಳೆದರೂ ಹಸಿರು-ಕಂದಾಗಿ ಮತ್ತೆ ಕಪ್ಪಾಗುವುದಿಲ್ಲ.

ಕಡ್ಡಿ ಒಳಗೇ ಮುರಿದಿದ್ದರೆ ಡ್ರಿಲ್ ಹಿಡಿಯುವ ಮೊದಲು ಗಡಿಯಾರ ರಿಪೇರಿಯವರ ಹಳೆ ಉಪಾಯ ಮಾಡಿ: ಪಟಿಕ. ಕ್ಷೌರದ ನಂತರ ಉಜ್ಜುತ್ತಾರಲ್ಲ, ಅದೇ. ಬಿಸಿನೀರಿಗೆ ಇನ್ನು ಕರಗದು ಎನ್ನುವಷ್ಟು ಪಟಿಕ ಹಾಕಿ, ಪ್ಯಾಡು, ಕಾರ್ಕು, ಪಟ್ಟಿ ಸ್ಪ್ರಿಂಗ್ ಎಲ್ಲ ತೆಗೆದ ಕೀಯನ್ನು ಗಾಜಿನ ಬಟ್ಟಲಲ್ಲಿ ಮುಳುಗಿಸಿ ಬೆಚ್ಚಗೆ ಇಡಿ. ಉಕ್ಕಿನಿಂದ ಸಣ್ಣ ಗುಳ್ಳೆ ಏಳುತ್ತಿರುತ್ತದೆ. ಒಂದರಿಂದ ಮೂರು ದಿನದಲ್ಲಿ ಮುರಿದ ಚೂರು ಕಪ್ಪು ಕೆಸರಾಗಿ ಬರುತ್ತದೆ, ಜರ್ಮನ್ ಸಿಲ್ವರ್‌ಗಾಗಲಿ ಹಿತ್ತಾಳೆಗಾಗಲಿ ಗಣನೀಯ ಹಾನಿಯಿಲ್ಲ. ಸತುವಿನ ಕೀಗೆ ಮಾತ್ರ ಇದು ಬೇಡ. ಕಂಬದೊಳಗೆ ಸ್ಪ್ರಿಂಗ್ ಮುರಿದು ಕೂತಿದ್ದರೂ ಇದೇ ಮದ್ದು. ಆಗ ಕಂಬವನ್ನು ಮರದಿಂದ ಬಿಚ್ಚಿಕೊಳ್ಳಬೇಕು, ಯಾವ ಕಂಬ ಎಲ್ಲಿಯದೆಂದು ಗುರುತು ಹಾಕಿಯೇ.

ಕೀ ಮುಟ್ಟುವ ಮೊದಲು ಕಂಬ ನೋಡಿ. ಕೀ ಇಲ್ಲದೆ ಬರಿಯ ಕಡ್ಡಿಯನ್ನು ಎರಡು ಕಂಬಗಳ ಮೂಲಕ ತೂರಿಸಿದರೆ ಅದು ಬೆರಳಲ್ಲೇ ಸಲೀಸಾಗಿ ತಿರುಗಬೇಕು. ಬಿಗಿಯಾದರೆ ಕಂಬ ತಿರುಗಿದೆ ಅಥವಾ ವಾಲಿದೆ. ಒಣಹವೆಗೆ ಮರ ಕುಗ್ಗಿ ಕಂಬ ಸಡಿಲವಾಗಿದ್ದರೆ ಬಿಚ್ಚಿ, ಬುಡಕ್ಕೆ ತೆಳುವಾದ ಹಿತ್ತಾಳೆ ತಗಡಿನ ಉಂಗುರ ಕೊಟ್ಟು ಸರಿಯಾದ ಕೋನಕ್ಕೆ ಬಿಗಿಯಿರಿ. ಸಂದು ಮುಚ್ಚಲೆಂದು ಎರಡು ಕಂಬಗಳನ್ನು ಇಕ್ಕಳದಲ್ಲಿ ಹಿಡಿದು ಒಳಕ್ಕೆ ಅಮುಕುವುದನ್ನು ಎಷ್ಟೋ ವಾದ್ಯಗಳಲ್ಲಿ ಕಾಣಬಹುದು. ಅಲುಗಾಟ ಹೋಗುತ್ತದೆ ನಿಜ. ಕಡ್ಡಿ ಓರೆಯಾಗಿ ಕೊಳವೆಯ ಬಾಯಿಯನ್ನು ಕೊರೆಯತೊಡಗುತ್ತದೆ, ಮರದಲ್ಲಿ ಕಂಬದ ಬುಡದಿಂದಲೇ ಬಿರುಕು ಹೊರಡುತ್ತದೆ.

ಈಗ ಮುಖ್ಯ ಕೆಲಸ, ಕೊಳವೆಯನ್ನು ಹಿಸುಕಿ ಕಡ್ಡಿಗೆ ಬಿಗಿ ಮಾಡುವುದು. ಇದಕ್ಕೆಂದೇ ಸ್ವೆಜಿಂಗ್ ಇಕ್ಕಳ ಬರುತ್ತದೆ: ಬಾಯಲ್ಲಿ ಅರ್ಧಚಂದ್ರಾಕಾರದ ನುಣುಪು ಗಾಡಿ, ಮುಚ್ಚಿದರೆ ಪೂರ್ತಿ ವೃತ್ತ. ಕ್ಲಾರಿಯೊನೆಟ್ಟಿನ ಕಡ್ಡಿ ಸಾಮಾನ್ಯವಾಗಿ 2ರಿಂದ 2.5 ಮಿ.ಮೀ., ಕೊಳವೆಯ ಹೊರವ್ಯಾಸ 4 ಮಿ.ಮೀ. ಆಸುಪಾಸು, ಇಕ್ಕಳದ ರಂಧ್ರ ಕೊಳವೆಗೆ ಸರಿಯಾಗಿ ಹೊಂದಬೇಕು. ಕೊಳವೆಯೊಳಗಿನ ಹಳೆ ಎಣ್ಣೆಯ ಕಪ್ಪನ್ನು ಸೀಮೆಎಣ್ಣೆಯಲ್ಲಿ ಅದ್ದಿದ ದಾರ ಎಳೆದು ಪೂರ್ತಿ ತೆಗೆಯಿರಿ. ಕಡ್ಡಿ ಕೊರೆದುಹೋಗಿದ್ದರೆ ಅದನ್ನೇ ಇಟ್ಟು ಕೊಳವೆ ಹೊಂದಿಸುವುದು ದಡ್ಡತನ. ಸಿಲ್ವರ್ ಸ್ಟೀಲ್ ಎಂದು ಮಾರುವ ನೇರ ಉಕ್ಕಿನ ಸರಳಿನಿಂದ ಹೊಸ ಕಡ್ಡಿ ಮಾಡಿಸಿ, ತುದಿಯ ಮರೆಯನ್ನು (ಸ್ಕ್ರೂ ಸುತ್ತು) ಕಂಬದ ಮರೆಗೆ ತಕ್ಕಂತೆ ಹಾಕಿಸಿ. ಆ ಕಡ್ಡಿಗೆ ಎಣ್ಣೆ ಸವರಿ ಕೊಳವೆಯೊಳಗಿಟ್ಟು, ತುದಿಯಿಂದ 3–4 ಮಿ.ಮೀ. ಒಳಗೆ ಇಕ್ಕಳ ಹಿಡಿದು ಮೆಲ್ಲಗೆ ಹಿಸುಕುತ್ತ, ಇಕ್ಕಳವನ್ನು ಕೊಳವೆಯ ಸುತ್ತ ತಿರುಗಿಸುತ್ತ ತುದಿಯ ಕಡೆಗೆ ಬನ್ನಿ. ಲೋಹ ಎರಡು ಕಡೆ ಹರಿಯುತ್ತದೆ: ಒಳಕ್ಕೆ, ಅದರಿಂದ ಕಡ್ಡಿಗೆ ಹಿಡಿತ, ಉದ್ದಕ್ಕೆ, ಅದರಿಂದ ಕಂಬಕ್ಕೆ ತಾಗುವಂತಾಗುತ್ತದೆ. ಒಂದೇ ಜಾಗದಲ್ಲಿ ಬಲ ಹಾಕಿದರೆ ಕೊಳವೆಯ ನಡುವೆ ಸೊಂಟ ಬರುತ್ತದೆ. ಪ್ರತಿ ಸುತ್ತಿಗೂ ಕಡ್ಡಿ ತಿರುಗಿಸಿ ನೋಡಿ. ಬಿಗಿ ಎನಿಸಿದ ಕೂಡಲೇ ನಿಲ್ಲಿಸಿ.

ಸವೆತ ಯಾವಾಗಲೂ ತುದಿಗಳಲ್ಲಿ ಹೆಚ್ಚು, ಒಳಬಾಯಿ ಕಹಳೆಯ ಹಾಗೆ ಅಗಲವಾಗಿರುತ್ತದೆ. ಆದ್ದರಿಂದ ತುದಿಯ 5 ಮಿ.ಮೀ. ಸರಿಯಾದರೆ ಮುಕ್ಕಾಲು ಕೆಲಸ ಆದಂತೆ. ಉದ್ದ ಸ್ವಲ್ಪ ಹೆಚ್ಚೇ ಆಗಲಿ, ಆಮೇಲೆ ತುದಿಯನ್ನು ಸಮ ಮಾಡಿ ಇಳಿಸಬಹುದು. ಇಲ್ಲಿ ಕೈಯಲ್ಲಿ ಅರ ಹಿಡಿದರೆ ಕೆಡುತ್ತದೆ. ತುದಿ ಓರೆಯಾಗಿ ಒಂದೇ ಬಿಂದು ಕಂಬಕ್ಕೆ ಒರೆಸುತ್ತದೆ, ಎರಡು ತಿಂಗಳಲ್ಲಿ ಆ ಬಿಂದು ಸವೆದು ಮತ್ತೆ ಸಡಿಲ. ಕಡ್ಡಿಯನ್ನೇ ಅಚ್ಚಾಗಿ ಇಟ್ಟುಕೊಂಡು ತಿರುಗುವ ಸಣ್ಣ ಕಟ್ಟರಿನಿಂದಲೋ ಲೇತಿನಲ್ಲೋ ತುದಿ ಕೊಯ್ಯಬೇಕು. ಸಂದು 0.3 ಮಿ.ಮೀ. ದಾಟಿದ್ದರೆ ಹಿಸುಕಿ ತುಂಬುವ ಹಟ ಬೇಡ. ಲೋಹ ಗಡುಸಾಗಿ ಕೊಳವೆಯ ಬೆಸುಗೆಯ ಗೆರೆ ಸೀಳುತ್ತದೆ. ಆಗ ಹಳೆ ತುದಿ ಕತ್ತರಿಸಿ ಹೊಸ ಕೊಳವೆಯ ತುಂಡು ಬೆಸೆಯುವುದೇ ಸರಿ. ದಾರ ಸುತ್ತುವುದು, ಸಿಗರೇಟು ಪೊಟ್ಟಣದ ತಗಡು ತುರುಕುವುದು ಅಂದಿನ ಕಛೇರಿ ಮುಗಿಸಲು ಸಾಕು, ಅಷ್ಟೇ.

ಕಡ್ಡಿಯ ಬದಲು ಎರಡು ತುದಿಗೂ ಮೊನೆ ಸ್ಕ್ರೂ ಇರುವ ಕೀಗಳಲ್ಲಿ ಸವೆಯುವುದು ಮೊನೆ ಕೂರುವ ಕುಳಿ. ಕುಳಿ ಆಳವಾದಂತೆ ಸ್ಕ್ರೂ ಒಳಗೆ ಬರಬೇಕು, ತಲೆ ಕಂಬಕ್ಕೆ ತಡೆಯುತ್ತದೆ. ತಲೆ ಕೂರುವ ತಗ್ಗನ್ನು ಕೂದಲೆಳೆಯಷ್ಟು ಆಳ ಮಾಡಿದರೆ ಮೊನೆ ಮತ್ತೆ ಕುಳಿ ಮುಟ್ಟುತ್ತದೆ. ತೀರಾ ಹಾಳಾದ ಕುಳಿಯನ್ನು ಬೆಸುಗೆಯಿಂದ ತುಂಬಿ ಹೊಸದಾಗಿ ಕೊರೆಯಬೇಕು. ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳುತ್ತಿದ್ದರೆ ಮರೆಗೆ ಒಂದು ಚುಕ್ಕೆ ನೇಲ್ ಪಾಲಿಶ್. ಫೆವಿಕ್ವಿಕ್ ಹಾಕಿದರೆ ಮುಂದೆ ಬಿಚ್ಚುವವರ ಶಾಪ ತಟ್ಟುತ್ತದೆ.

ಕೆಳಭಾಗದ ಎರಡು ಉಂಗುರಗಳನ್ನು ಜರ್ಮನರು ‘ಬ್ರಿಲ್ಲೆ’, ಎಂದರೆ ಕನ್ನಡಕ, ಎನ್ನುತ್ತಾರೆ. ನೋಡಲೂ ಹಾಗೇ ಇದೆ. ಬೆರಳು ಒತ್ತಿದಾಗ ಉಂಗುರ ರಂಧ್ರದ ತುಟಿಯ ಮಟ್ಟಕ್ಕೆ ಸರಿಯಾಗಿ ಇಳಿಯಬೇಕು. ಮೇಲೇ ನಿಂತರೆ ಬೆರಳು ರಂಧ್ರ ಮುಚ್ಚದು. ತುಟಿಗಿಂತ ಕೆಳಗೆ ಹೋದರೆ ಆ ಉಂಗುರ ಮುಚ್ಚಬೇಕಾದ ಪ್ಯಾಡ್ ಪೂರ್ತಿ ಕೂರದು. ಗಮಕಕ್ಕೆ ಬೆರಳು ಸರಿಸುವವರಿಗೆ ಈ ಅರ್ಧ ಮಿ.ಮೀ. ಬಹಳ ದೊಡ್ಡದು. ತಿದ್ದುವುದು ಉಂಗುರ ಬಗ್ಗಿಸಿ ಅಲ್ಲ, ಅದರ ಪಾದದ ಕೆಳಗಿನ ಕಾರ್ಕಿನ ದಪ್ಪ ಬದಲಿಸಿ. ಕಿರುಬೆರಳಿನ ಕೀಗಳಲ್ಲಿ ಉರುಳುವ ರೋಲರುಗಳಿರುತ್ತವೆ, ಎಬೊನೈಟಿನ ಪುಟ್ಟ ಉರುಳೆಗಳು. ಬೆವರಿನ ಉಪ್ಪು ಸೇರಿ ಇವು ತಿರುಗದೆ ಒಂದೇ ಪಕ್ಕ ಚಪ್ಪಟೆ ಸವೆಯುತ್ತವೆ. ಒಳಗಿನ ಸಣ್ಣ ಸರಳನ್ನು ಬಿಚ್ಚಿ, ತುಕ್ಕು ಒರೆಸಿ, ಒಂದು ಹನಿ ಎಣ್ಣೆ ಬಿಟ್ಟರೆ ಸಾಕು. ಹತ್ತರಲ್ಲಿ ಒಂಬತ್ತಕ್ಕೆ ಹೊಸ ರೋಲರ್ ಬೇಕಾಗುವುದೇ ಇಲ್ಲ.

ಮುರಿದ ಕೀಗೆ ಅಕ್ಕಸಾಲಿಗರೇ ಗತಿ, ಆದರೆ ಅವರಿಗೆ ಹೇಳಬೇಕಾದ ಮಾತುಗಳಿವೆ. ರೇಡಿಯೋ ರಿಪೇರಿಯ ಸೀಸ-ತವರದ ಬೆಸುಗೆ 183 ಡಿಗ್ರಿಗೆ ಕರಗುವಂಥದು, ಕೀಯ ತೋಳಿಗೆ ತಡೆಯದು. ಯಾರಾದರೂ ಮೊದಲು ಅದನ್ನು ಹಾಕಿದ್ದರೆ ಕಣವೂ ಉಳಿಯದಂತೆ ಕೆರೆದು ತೆಗೆಯಬೇಕು. ಉಳಿದರೆ ಕೆಂಪು ಬಿಸಿಯಲ್ಲಿ ಅದು ಒಳಲೋಹವನ್ನೇ ತಿಂದು ಕುಳಿ ಮಾಡುತ್ತದೆ. ಮುರಿದ ಎರಡೂ ಮುಖ ಬೆಳ್ಳಗಾಗುವಂತೆ ಉಜ್ಜಿ. ಆದರೆ ಅರ ಹಾಕಿ ಚಪ್ಪಟೆ ಮಾಡಬೇಡಿ, ತೋಳು ಗಿಡ್ಡವಾಗಿ ಪ್ಯಾಡ್ ರಂಧ್ರದ ನಡುವಿಗೆ ಬರುವುದಿಲ್ಲ. ಬಿಳಿಗಾರ ಹಚ್ಚಿ, ತಂತಿಯಿಂದ ಕಟ್ಟಿ, ನಿಧಾನ ಕಾಯಿಸಿ. ಸುಮಾರು 55 ಪಾಲು ಬೆಳ್ಳಿಯಿರುವ, ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನೇ ಕೇಳಿ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ. ಕೊಳವೆಯೊಳಗೆ ಉಕ್ಕಿನ ಕಡ್ಡಿ ಬಿಡಬಾರದು, ಬೆಸುಗೆ ಹರಿದು ಎರಡೂ ಒಂದಾಗುತ್ತವೆ. ಎಲ್ಲಕ್ಕಿಂತ ಮುಖ್ಯ: ಚಿನ್ನ ಬೆಳ್ಳಿಗೆ ಒಗ್ಗಿದ ಕೈ ಕೆಂಪಗಿರುವಾಗಲೇ ಇಕ್ಕಳದಲ್ಲಿ ಸರಿಪಡಿಸಲು ಹೋಗುತ್ತದೆ. ಜರ್ಮನ್ ಸಿಲ್ವರ್ ಕೆಂಪು ಬಿಸಿಯಲ್ಲಿ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ತಾನಾಗಿ ತಣಿಯುವವರೆಗೆ ಮುಟ್ಟಬಾರದು, ನೀರಿಗೆ ಅದ್ದಬಾರದು. ತಣಿದ ಮೇಲೆ ಆ ತೋಳು ಮೆತ್ತಗಾಗಿರುತ್ತದೆ. ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಗಡುಸು ಮಾಡದಿದ್ದರೆ ಮೊದಲ ದಿನವೇ ಬೆರಳಿಗೆ ಬಾಗುತ್ತದೆ. ಸುತ್ತಲಿನ ನಿಕ್ಕಲ್ ಲೇಪ ಗುಳ್ಳೆ ಎದ್ದು ಬಣ್ಣ ಕೆಡುವುದು ಸಹಜ.

ಮುರಿದ ಸೂಜಿ ಸ್ಪ್ರಿಂಗಿಗೆ ಪರದೇಶದಿಂದ ತರಿಸಬೇಕೆಂದೇನೂ ಇಲ್ಲ. ತಕ್ಕ ದಪ್ಪದ ಹೊಲಿಗೆ ಸೂಜಿ ಸಾಕು, ಹಾಗೇ ಹಾಕಿದರೆ ಮಾತ್ರ ಗಾಜಿನಂತೆ ಮುರಿಯುತ್ತದೆ. ಹಿತ್ತಾಳೆ ತಗಡಿನ ಮೇಲೆ ಸೂಜಿ ಇಟ್ಟು ತಗಡಿನ ಕೆಳಗೆ ಕಾಯಿಸಿ. ಬಣ್ಣ ಒಣಹುಲ್ಲಿನಿಂದ ಕಂದಿಗೆ, ಕಂದಿನಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗುತ್ತದೆ. ನೀಲಿ ಬಂದ ಕ್ಷಣವೇ ತೆಗೆಯಿರಿ, ಅದು ಸುಮಾರು 300 ಡಿಗ್ರಿ. ಕಣ್ಣಿನ ತುದಿ ಕತ್ತರಿಸಿ, ಆ ಒಂದು ತುದಿಯನ್ನಷ್ಟೇ ಕೆಂಪಗೆ ಕಾಯಿಸಿ ಸುತ್ತಿಗೆಯಲ್ಲಿ ತುಸು ಚಪ್ಪಟೆ ಮಾಡಿ, ಕಂಬದ ರಂಧ್ರಕ್ಕೆ ಬಿಗಿಯಾಗಿ ಎಳೆದುಕೊಳ್ಳಿ.

ಇಷ್ಟಾದ ಮೇಲೆ ತೊಳೆಯುವ ವಿಚಾರ. ಹುಣಸೆಹಣ್ಣು ಯಾಕೆ ಬೇಡ? ಅದರ ಹುಳಿ ಕೊಳವೆ, ಕುಳಿಗಳೊಳಗೆ ಉಳಿದುಕೊಂಡು ಉಕ್ಕಿನ ಕಡ್ಡಿ, ಸ್ಪ್ರಿಂಗುಗಳಿಗೆ ತುಕ್ಕು ತರುತ್ತದೆ. ಬೂದಿಯ ಮರಳು ಎಣ್ಣೆಯ ಜೊತೆ ಸೇರಿ ಕೊಳವೆಯೊಳಗೆ ಸಾಣೆಯ ಕೆಲಸ ಮಾಡುತ್ತದೆ. ಹುಳಿಯೇ ಶತ್ರು ಅಂತಲ್ಲ, ಅದನ್ನು ಬಿಟ್ಟುಬಿಡುವುದು ಶತ್ರು. ಗಟ್ಟಿ ಹಸಿರು ಕಿಲುಬಿಗೆ ನಿಂಬೆರಸವನ್ನು ಸಣ್ಣ ಮರದ ಕಡ್ಡಿಯ ತುದಿಯಲ್ಲಿ ಮುಟ್ಟಿಸಿ, ಒಂದು ನಿಮಿಷ ಬಿಟ್ಟು, ಅಡುಗೆ ಸೋಡದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿದರೆ ತೊಂದರೆಯಿಲ್ಲ. ಉಳಿದದ್ದಕ್ಕೆ ಬೆಚ್ಚನೆ ನೀರು, ಪಾತ್ರೆ ತೊಳೆಯುವ ದ್ರವ, ಹಳೆ ಟೂತ್‌ಬ್ರಷ್. ಬೆಳ್ಳಿ ಲೇಪದ ಕೀ ಕಪ್ಪಾಗಿದ್ದರೆ ಅಲ್ಯೂಮಿನಿಯಂ ಹಾಳೆ ಹಾಸಿದ ಬಟ್ಟಲಲ್ಲಿ ಸೋಡದ ಬಿಸಿನೀರು ಹಾಕಿ ಹಾಳೆಗೆ ತಾಗುವಂತೆ ಇಡಿ. ಕಪ್ಪು ತಾನಾಗಿ ಬಿಡುತ್ತದೆ, ಬೆಳ್ಳಿ ಕೆರೆದು ಹೋಗುವುದಿಲ್ಲ. ಬೆರಳು ತಾಗುವ ಜಾಗದಲ್ಲಿ ಲೇಪ ಹೋಗಿ ಹಳದಿ ಕಂಡರೆ ಅದು ಬರಿಯ ಬಣ್ಣ, ಊದುವುದಕ್ಕೆ ಏನೂ ಆಗದು. ನಿಕ್ಕಲ್ ಮುಟ್ಟಿದರೆ ಬೆರಳು ತುರಿಸುವವರು ಅಲ್ಲಿಗೆ ತೆಳುವಾಗಿ ನೇಲ್ ಪಾಲಿಶ್ ಬಳಿದುಕೊಂಡರೆ ಸಾಕು.

ಅಷ್ಟಾದರೂ ಪ್ಲೇಟಿಂಗ್ ಬೇಕೇ ಬೇಕೆಂದರೆ ಅದು ಅಲುಗಾಟ, ಬೆಸುಗೆ ಎಲ್ಲ ಮುಗಿದ ಮೇಲೆ ಇರಲಿ. ಲೇಪದ ಮೇಲೆ ಕೊಳವೆ ಹಿಸುಕಿದರೆ ನಿಕ್ಕಲ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಪೀಣ್ಯದಂಥ ಕಡೆಯ ಪ್ಲೇಟಿಂಗ್ ಘಟಕಗಳಿಗೆ ಬರುವುದು ದಿನಾ ಯಂತ್ರದ ಬಿಡಿಭಾಗ. ಅವರಿಗೆ ನಾವೇ ಚೀಟಿ ಬರೆದುಕೊಡಬೇಕು. ಸ್ಪ್ರಿಂಗ್ ಒಂದೂ ಕೀಯಲ್ಲಿರಬಾರದು. ಆಮ್ಲದ ತೊಟ್ಟಿಯಲ್ಲಿ ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗಿ ಆಮೇಲೆ ಕಾರಣವಿಲ್ಲದೆ ಮುರಿಯುತ್ತದೆ. ಹಳೆ ನಿಕ್ಕಲನ್ನು ದ್ರಾವಣದಲ್ಲೇ ಬಿಡಿಸಬೇಕು, ಬೆಲ್ಟ್ ಸಾಣೆಗೆ ಕೊಡಬಾರದು. ಅಂಚು ದುಂಡಗಾಗಿ, ತಯಾರಕರ ಮುದ್ರೆ ಅಳಿಸಿ, ಉಂಗುರ ತೆಳ್ಳಗಾಗುತ್ತದೆ. ಕೊಳವೆಯ ಬಾಯಿ, ಸ್ಕ್ರೂ ಮರೆಗಳನ್ನು ಮೇಣದಿಂದ ಮುಚ್ಚಬೇಕು. ಲೇಪ 8ರಿಂದ 10 ಮೈಕ್ರಾನ್ ಸಾಕು. ಎರಡೂ ತುದಿ ಸೇರಿ ಕೊಳವೆ ಅದರಿಂದಲೇ 0.02 ಮಿ.ಮೀ. ಉದ್ದವಾಗುತ್ತದೆ ಎಂಬುದನ್ನು ಲೆಕ್ಕಕ್ಕಿಡಿ. ಬೆವರಿನಿಂದ ಆದ ಕುಳಿಗಳನ್ನು ಪ್ಲೇಟಿಂಗ್ ತುಂಬುವುದಿಲ್ಲ, ಇನ್ನಷ್ಟು ಎದ್ದು ಕಾಣುವಂತೆ ಮಾಡುತ್ತದೆ. ಮೊದಲೇ ಬೆಳ್ಳಿ ಬೆಸುಗೆಯಿಂದ ತುಂಬಿ ಅರ ಹಾಕಿರಬೇಕು. ಕ್ರೋಮ್ ಬೇಡವೇ ಬೇಡ. ಜಾರುತ್ತದೆ, ಮುಂದೆ ಅದರ ಮೇಲೆ ಯಾವ ಬೆಸುಗೆಯೂ ಹಿಡಿಯದು. ಕೊಡುವಾಗ ಕೀಗಳನ್ನು ಎಣಿಸಿ, ಫೋಟೊ ತೆಗೆದಿಡಿ. 13 ಕೀಯ ವಾದ್ಯದ ಒಂದು ಕೀ ಕಳೆದರೆ ಯಾವ ಅಂಗಡಿಯಲ್ಲೂ ಸಿಗದು. ಅದಕ್ಕೇ, ಮೈ ಸೀಳಿದ ಹಳೆ ಕ್ಲಾರಿಯೊನೆಟ್ಟನ್ನು ಗುಜರಿಗೆ ಹಾಕುವ ಬದಲು ಕೀಗಳನ್ನು ಬಿಚ್ಚಿ ಡಬ್ಬಿಯಲ್ಲಿಡಿ.

ಪ್ಯಾಡ್ ಅಂಟಿಸಲು ಅರಗೇ ಒಳ್ಳೆಯದು, ಬಿಸಿ ಮಾಡಿದರೆ ಮತ್ತೆ ಹೊಂದಿಸಬಹುದು. ಚನ್ನಪಟ್ಟಣದ ಬೊಂಬೆಗೆ ಬಳಸುವ ಬಣ್ಣದ ಅರಗಲ್ಲ, ಬಣ್ಣ ಬೆರೆಸದ ಅರಗಿನ ಚಕ್ಕೆ. ಕೀಯನ್ನು ವಾದ್ಯದಿಂದ ದೂರ ಹಿಡಿದು ಪ್ಯಾಡ್ ಕೂರುವ ಬಟ್ಟಲಿನ ಬೆನ್ನಿಗೆ ಕಾಯಿಸಿ, ಅರಗು ಕರಗಿದಾಗ ಪ್ಯಾಡ್ ಕೂರಿಸಿ. ಸಿಗರೇಟು ಕಾಗದದ 5 ಮಿ.ಮೀ. ಅಗಲದ ಪಟ್ಟಿಯನ್ನು ಪ್ಯಾಡಿನ ನಾಲ್ಕೂ ಕಡೆ ಇಟ್ಟು ಎಳೆದಾಗ ನಾಲ್ಕರಲ್ಲೂ ಒಂದೇ ಹಿಡಿತ ಸಿಗಬೇಕು.

ಕೀಲಿಗೆ ಕೊಬ್ಬರಿ ಎಣ್ಣೆ ಬಿಡುವ ರೂಢಿಯೂ ಇದೆ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುವಂಥದು. ಧನುರ್ಮಾಸದ ಬೆಳಗಿನ ಜಾವ ಕೀ ಅಂಟಿಕೊಳ್ಳುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದೊಂದೇ ಹನಿ ಬಿಡಿ, ಹೆಚ್ಚಾದದ್ದನ್ನು ಒರೆಸಿ. ಪೂಜೆಯ ಅರಿಸಿನ ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕಿರಲಿ. ವಾದ್ಯದ ಮೇಲೆ ಒಂದು ಹೂವಿಟ್ಟರೆ ಸಾಕು, ಅದನ್ನೂ ಸಂಜೆಯೊಳಗೆ ತೆಗೆದುಬಿಡಿ.

– ಗಾಳಿವಾದ್ಯಗಳ ದುರಸ್ತಿಗಾರ, ಮೈಸೂರು